ಇಬ್ಬರು ಜಯಮ್ಮಂದಿರು, ಒಬ್ಬಳು ಲಿಲ್ಲಿ

ಕಳೆದ ತಿಂಗಳ ಹಿಂದಿನ ತಿಂಗಳು, ಒಂದು ಭಾನುವಾರ, ನಾನು ಚರ್ಚಿಗೆ ಚಕ್ಕರ್ ಹಾಕಿದೆ.

ಅದರಲ್ಲೇನು ವಿಶೇಷ ಅನ್ನಬೇಡಿ. ಅವತ್ತು ನಮ್ಮ ಪಾದ್ರಿ ಅಯ್ಯನವರು ಊರಲ್ಲಿರಲಿಲ್ಲ. ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ಮಾಡಬೇಕಾದವನು ನಾನೇ! ಮೂರು ದಿನ ಕೂತು ನಾಲ್ಕು ಹಾಳೆ ಬರೆದುಕೊಂಡಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕನ್ನಡಿ ಮುಂದೆ ನಿಂತು ಎರಡು ಸಲ ಓದಿಯೂ ನೋಡಿದ್ದೆ. (ನನ್ನ ಹೆಂಡತಿ ಅಡುಗೆಮನೆಯಿಂದಲೇ "ಉದ್ದ ಆಯ್ತು" ಅಂದಿದ್ದಳು. ಈ ಅಂಕಣದ ಬಗ್ಗೆಯೂ ಅವಳ ಅಭಿಪ್ರಾಯ ಅದೇ.)

ಬೆಳಗ್ಗೆ ಏಳೂವರೆ. ಕರಿಘಟ್ಟದ ಮೇಲೆ ಬಿಸಿಲು ಬಿದ್ದಿತ್ತು. ಶ್ರೀರಂಗಪಟ್ಟಣದ ನಮ್ಮ ಮನೆಯ ಗೇಟು ಕಿರ್ ಅಂದಿತು. ನೋಡಿದರೆ ನನ್ನ ತಂಗಿ ಲಿಲ್ಲಿ. ಪಾಂಡವಪುರದಿಂದ ಮೊದಲ ಬಸ್ಸು ಹಿಡಿದು ಬಂದಿದ್ದಾಳೆ. ತಲೆ ಸರಿಯಾಗಿ ಬಾಚಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಎರಡು ಕಾಗದ.

"ಅಣ್ಣಾ, ಕಾರು ತಗಿ. ಕಿಕ್ಕೇರಿಗೆ ಹೋಗ್ಬೇಕು. ಅಲ್ಲಿಂದ ನಾಗಮಂಗಲದ ಕಡೆಗೆ."

"ಲೇ, ಇವತ್ತು ಪ್ರಸಂಗ ನಂದು ಕಣೇ!"

"ಬೇರೆ ಯಾರಾದ್ರೂ ಮಾತಾಡ್ತಾರೆ ಬುಡು. ಕಾರು ಓಡ್ಸೋಕೆ ನೀನೇ ಬೇಕು."

ಲಿಲ್ಲಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಕೆ.ಆರ್.ಪೇಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟು ಕೊಡುವುದು. ಗಂಡ ಸರ್ಕಾರಿ ಬಸ್ಸಿನ ಡ್ರೈವರು. ಅವತ್ತು ದೂರದ ರೂಟಿನಲ್ಲಿದ್ದ, ಅದಕ್ಕೇ ಈ ಅಣ್ಣನ ನೆನಪಾಗಿದ್ದು. ಚರ್ಚಿನಲ್ಲಿ ಅವಳು ಕೂರುವುದು ಕಡೇ ಬೆಂಚಿನಲ್ಲಿ. ಹಾಡುವುದಿಲ್ಲ. ಪ್ರಾರ್ಥನೆ ನಡೆಸಿ ಅಂದರೆ ಪಕ್ಕದವರನ್ನು ತೋರಿಸುತ್ತಾಳೆ. ಪ್ರಸಂಗ ಶುರುವಾದ ಐದನೇ ನಿಮಿಷಕ್ಕೆ ಕಣ್ಣು ಮುಚ್ಚುತ್ತಾಳೆ. ಅದು ಧ್ಯಾನವಲ್ಲ, ನಿದ್ದೆ. ಆರು ದಿನ ಪಾಂಡವಪುರದಿಂದ ಕೆ.ಆರ್.ಪೇಟೆಗೆ ಬಸ್ಸಿನಲ್ಲಿ ನಿಂತು ಹೋಗಿಬರುವವಳು, ಏಳನೇ ದಿನ ಕೂತ ತಕ್ಷಣ ನಿದ್ದೆ ಬರದೆ ಇನ್ನೇನು ಬಂದೀತು?

ನನ್ನ ಕಥೆ ಹಾಗಲ್ಲ. ನಾನು ಮುಂದಿನ ಬೆಂಚು. ಹೈಸ್ಕೂಲಿನ ಕನ್ನಡ ಮೇಷ್ಟ್ರು ಬೇರೆ, ಬೈಬಲಿನ ಪಾಠ ಓದುವುದಕ್ಕೆ ನಿಂತರೆ ಮೈಕು ಬೇಡ. "ಒಳ್ಳೇ ಕ್ರೈಸ್ತರು ಅಂದರೆ ಹೀಗಿರಬೇಕು" ಅಂತ ಜನ ಯಾರನ್ನಾದರೂ ತೋರಿಸಬೇಕಾದರೆ ಇಬ್ಬರಲ್ಲಿ ಯಾರನ್ನು ತೋರಿಸುತ್ತಿದ್ದರು? ಸಂಕೋಚವಿಲ್ಲದೆ ಹೇಳುತ್ತೇನೆ, ನನ್ನನ್ನೇ.

ಕಾರು ಪಾಂಡವಪುರ ದಾಟುವ ಹೊತ್ತಿಗೆ ಲಿಲ್ಲಿ ನಡೆದದ್ದನ್ನು ಹೇಳಿದಳು.

ನಮ್ಮ ಸೀಮೆಯ ಯಾವುದೇ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಜಯಮ್ಮಾ" ಅಂತ ಕೂಗಿ ನೋಡಿ. ಕನಿಷ್ಠ ನಾಲ್ಕು ಜನ ತಿರುಗುತ್ತಾರೆ. ಆ ಮಂಗಳವಾರ ಲಿಲ್ಲಿಯ ಲ್ಯಾಬಿಗೂ ಇಬ್ಬರು ಜಯಮ್ಮಂದಿರು ಬಂದಿದ್ದರು. ಒಬ್ಬರು ಕಿಕ್ಕೇರಿ ಹತ್ತಿರದ ಹಳ್ಳಿಯವರು, ಮರಗೆಲಸದ ಆಚಾರಿಗಳ ಮನೆ. ಇನ್ನೊಬ್ಬರು ನಾಗಮಂಗಲ ಕಡೆಯ ಹಳ್ಳಿಯವರು, ಒಕ್ಕಲಿನ ಮನೆ. ಕೆ.ಆರ್.ಪೇಟೆಯಲ್ಲಿರುವ ಮಗಳ ಮನೆಗೆ ಬಂದವರು, ಕಾಲು ಊದಿಕೊಂಡಿದೆ ಅಂತ ಡಾಕ್ಟರಿಗೆ ತೋರಿಸಿದ್ದರು. ಇಬ್ಬರಿಗೂ ಡಾಕ್ಟರು ಬರೆದದ್ದು ಒಂದೇ ಪರೀಕ್ಷೆ. ಕಿಡ್ನಿಯದು.

ರಕ್ತ ತೆಗೆದ ತಕ್ಷಣ ಲಿಲ್ಲಿ ಟ್ಯೂಬಿನ ಮೇಲೆ ಪೆನ್ನಿನಲ್ಲಿ ನಂಬರು ಬರೆಯುತ್ತಾಳೆ. ಆಮೇಲೆ ಅದರ ಮೇಲೆ ಹೆಸರಿನ ಸ್ಟಿಕ್ಕರು. ಅವತ್ತು ಲ್ಯಾಬು ತುಂಬ ಜನ. ಇವಳ ಸ್ಟಿಕ್ಕರು ಅವಳ ಟ್ಯೂಬಿಗೆ, ಅವಳ ಸ್ಟಿಕ್ಕರು ಇವಳ ಟ್ಯೂಬಿಗೆ ಅಂಟಿಬಿಟ್ಟಿದೆ. ಬುಧವಾರ ರಿಪೋರ್ಟು ಹೋಯಿತು. ಕಿಕ್ಕೇರಿ ಜಯಮ್ಮನಿಗೆ ಡಾಕ್ಟರು, ಕಿಡ್ನಿ ಹಾಳಾಗಿದೆ, ಮೈಸೂರಿಗೆ ಹೋಗಿ ಅಂದರು. ನಾಗಮಂಗಲದ ಜಯಮ್ಮನಿಗೆ, ಏನೂ ತೊಂದರೆ ಇಲ್ಲ, ಆರಾಮಾಗಿರಿ ಅಂದರು.

ನಿಜ ಇದ್ದದ್ದು ಪೂರಾ ತಿರುಗಾಮುರುಗಾ!

ಶನಿವಾರ ಸಂಜೆ ಫ್ರಿಜ್ಜು ಕ್ಲೀನ್ ಮಾಡುವಾಗ ಒಂದು ಸ್ಟಿಕ್ಕರಿನ ಮೂಲೆ ಎದ್ದಿತ್ತಂತೆ. ಅಡಿಯಲ್ಲಿ ಕಂಡ ನಂಬರು ಮೇಲಿನ ಹೆಸರಿಗೆ ಹೊಂದಲಿಲ್ಲ. ಇನ್ನೊಬ್ಬ ಜಯಮ್ಮನ ಟ್ಯೂಬು ತೆಗೆದು ನೋಡಿದಳು. ಅದೂ ಹೊಂದಲಿಲ್ಲ. ಎರಡನ್ನೂ ಮತ್ತೆ ಪರೀಕ್ಷೆ ಮಾಡಿ ಸರಿಯಾದ ರಿಪೋರ್ಟು ತೆಗೆದಳು. ಕವರಿನಲ್ಲಿದ್ದ ಎರಡು ಕಾಗದ ಅವೇ. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು.

ಲ್ಯಾಬಿನ ಯಜಮಾನರಿಗೆ ಫೋನು ಮಾಡಿದ್ದಾಳೆ. ಅವರು ಕೆಟ್ಟವರೇನಲ್ಲ. ಆದರೆ ಇಂಥ ಸುದ್ದಿ ಹೊರಗೆ ಹೋದರೆ ನಾಳೆ ಲ್ಯಾಬಿನ ಮೆಟ್ಟಿಲು ಹತ್ತುವವರು ಯಾರು ಅನ್ನುವ ಹೆದರಿಕೆ. "ನೀನು ಟೆನ್ಷನ್ ಮಾಡ್ಕೋಬೇಡ. ಸೋಮವಾರ ಇಬ್ರಿಗೂ ಫೋನ್ ಮಾಡಿ, ಮಷೀನ್ ಸರ್ವೀಸ್ ಆಯ್ತು, ಇನ್ನೊಂದ್ಸಲ ಫ್ರೀಯಾಗಿ ಚೆಕ್ ಮಾಡ್ತೀವಿ ಬನ್ನಿ ಅನ್ನು. ಸ್ಟಿಕ್ಕರಿನ ವಿಷಯ ಎತ್ತಬೇಡ" ಅಂದಿದ್ದಾರೆ.

ನಿಜ ಹೇಳಲೇ? ಸ್ಟೀರಿಂಗ್ ಹಿಡಿದಿದ್ದ ನನಗೂ ಅದು ಒಳ್ಳೇ ಐಡಿಯಾ ಅನ್ನಿಸಿತು. "ಸರಿಯಾಗೇ ಹೇಳವ್ರಲ್ಲ ಕಣೇ. ಕಿಕ್ಕೇರಿಯವರು ಹೆಂಗೂ ಮೈಸೂರಿಗೆ ಹೋಯ್ತಾರೆ. ಅಲ್ಲಿ ಮತ್ತೆ ಟೆಸ್ಟ್ ಮಾಡ್ತಾರೆ. ಗೊತ್ತಾಯ್ತದೆ" ಅಂದೆ.

"ಆ ಜಯಮ್ಮಂಗೆ ಗೊತ್ತಾಯ್ತದೆ. ಈ ಜಯಮ್ಮಂಗೆ?"

ನಾನು ಗೇರು ಬದಲಾಯಿಸಿದೆ. ಮಾತನ್ನೂ.

"ಫೋನ್ ಮಾಡಿದ್ರೆ ಆಯ್ತಿತ್ತಲ್ಲ?"

"ಮಾಡ್ದೆ. ಕಿಕ್ಕೇರಿಯೋರು ಎತ್ತಲಿಲ್ಲ. ನಾಗಮಂಗಲದೋರು ಮಗಳ ನಂಬರು ಕೊಟ್ಟಿದ್ರು. ಅಮ್ಮ ಊರಿಗೆ ಹೋದ್ರು, ಅಲ್ಲಿ ಟವರ್ ಸಿಕ್ಕಲ್ಲ ಅಂದ್ಲು. ಸಿಕ್ಕಿದ್ರೂ ಅಣ್ಣಾ, ಇದು ಫೋನಲ್ಲಿ ಹೇಳೋ ವಿಷ್ಯನಾ?"

ಇಲ್ಲಿ ಸ್ವಲ್ಪ ನಿಲ್ಲಿಸಿ ಕನ್ನಡ ಮೇಷ್ಟ್ರು ಒಂದು ವ್ಯಾಕರಣದ ಮಾತು ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ, ಎರಡೇ ನಿಮಿಷ.

ನಮ್ಮ ಕ್ಲಾಸಿನ ಮಕ್ಕಳು "ಲೋಟ ಒಡೆದೋಯ್ತು ಸಾರ್" ಅನ್ನುತ್ತಾರೆ. "ಒಡೆದೆ ಸಾರ್" ಅಂದ ಮಗುವನ್ನು ನಾನು ನೋಡಿಲ್ಲ. ದೊಡ್ಡವರಾದ ಮೇಲೂ ಅದೇ. ಲೇಟ್ ಆಯ್ತು. ಫೈಲು ಮಿಸ್ ಆಯ್ತು. ಬಾಯಿ ತಪ್ಪಿ ಬಂದುಬಿಡ್ತು. ಹಾಲು ಉಕ್ಕಿಹೋಯ್ತು. ಕಚೇರಿಗೆ ಹೋದರೆ ಸರ್ವರ್ ಡೌನ್ ಆಗಿರುತ್ತದೆ, ಬ್ಯಾಂಕಿಗೆ ಹೋದರೆ ಸಿಸ್ಟಮ್ ಪ್ರಾಬ್ಲಂ ಆಗಿರುತ್ತದೆ. ನಮ್ಮ ನಾಡಿನಲ್ಲಿ ತಪ್ಪುಗಳೆಲ್ಲ ತಮ್ಮಷ್ಟಕ್ಕೆ ತಾವೇ ಆಗುತ್ತವೆ, ಮಳೆ ಆದ ಹಾಗೆ. ಮಾಡಿದವರು ಮಾತ್ರ ಯಾರೂ ಇಲ್ಲ! (ನನ್ನ ಹಿಂದಿನ ಅಂಕಣವೊಂದರಲ್ಲಿ ಊರಿನ ಹೆಸರು ತಪ್ಪಾಗಿ ಅಚ್ಚಾದಾಗ ನಾನೂ "ಮುದ್ರಣದೋಷ" ಅಂದಿದ್ದೆ. ದೋಷ ಮುದ್ರಣದ್ದಲ್ಲ, ನನ್ನದು. ತಡವಾಗಿ ಹೇಳುತ್ತಿದ್ದೇನೆ.)

ವ್ಯಾಕರಣ ಮುಗಿಯಿತು. ಕಿಕ್ಕೇರಿ ಬಂತು.

ಹಳ್ಳಿ ಕಿಕ್ಕೇರಿಯಿಂದ ಸ್ವಲ್ಪ ಒಳಗೆ. ಆಚಾರಿಗಳ ಮನೆ ಎಲ್ಲಿ ಅಂದರೆ ಎದುರು ಸಿಕ್ಕವರೇ "ಅಯ್ಯೋ, ಪಾಪ" ಅಂತ ಲೊಚಗುಟ್ಟಿ ದಾರಿ ತೋರಿಸಿದರು. ಊರಿಗೆಲ್ಲ ಸುದ್ದಿ ಹಬ್ಬಿದೆ. ಮನೆ ಮುಂದೆ ತಗಡಿನ ಚಪ್ಪರ, ಅರ್ಧ ಮುಗಿದ ಬಾಗಿಲ ಚೌಕಟ್ಟು, ಹಳೇ ಮರದ ಹೊಟ್ಟು. ಹೊಸ ಹೊಟ್ಟು ಇಲ್ಲ. ಚೌಕಟ್ಟಿನ ಮೇಲೆ ಕೈಕಟ್ಟಿ ಕೂತಿದ್ದವನು ಜಯಮ್ಮನ ಮಗ ಮಂಜಾಚಾರಿ. ನಲವತ್ತರ ಹತ್ತಿರದ ಗಟ್ಟಿ ಆಳು. ನಾಲ್ಕು ದಿನದ ಗಡ್ಡ.

"ಅವ್ವನ್ನ ನೋಡಕ್ ಬಂದ್ರಾ? ಒಳಗವ್ರೆ, ಹೋಗಿ" ಅಂದ. ಸಂಬಂಧಿಕರು ಅಂದುಕೊಂಡಿರಬೇಕು.

ಲಿಲ್ಲಿ ಒಳಗೆ ಹೋಗಲಿಲ್ಲ. ಕೂರಲೂ ಇಲ್ಲ.

"ಅಣ್ಣಾ, ನಾನು ಕೆ.ಆರ್.ಪೇಟೆ ಲ್ಯಾಬಿಂದ ಬಂದಿವ್ನಿ. ನಿಮ್ಮಮ್ಮಂಗೆ ಕೊಟ್ಟ ರಿಪೋರ್ಟು ತಪ್ಪು. ಇಬ್ರು ಜಯಮ್ಮೋರಿದ್ರು. ಇವರ ಸ್ಟಿಕ್ಕರು ಅವರ ಟ್ಯೂಬಿಗೆ ಅಂಟಿಸ್ಬುಟ್ಟೆ. ತಪ್ಪು ಮಾಡ್ದೋಳು ನಾನೇ. ನಿಮ್ಮಮ್ಮನ ಕಿಡ್ನಿ ಚೆನ್ನಾಗವೆ."

ಕೇಳಿದಿರಾ? "ಅಂಟಿಸ್ಬುಟ್ಟೆ." ಅಂಟಿಕೊಂಡುಬಿಡ್ತು ಅಲ್ಲ.

ಒಂದು ಗಳಿಗೆ ಮಂಜಾಚಾರಿಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಎದ್ದು ನಿಂತ.

"ಏನಮ್ಮಾ ಏಳ್ತಾ ಇದ್ದೀಯ ನೀನು? ನಾಕು ದಿನದಿಂದ ನಮ್ಮವ್ವ ಒಂದು ತುತ್ತು ನೆಟ್ಟಗೆ ಉಂಡಿಲ್ಲ. ನಾಕು ದಿನದಿಂದ ನಾನು ಉಳಿ ಮುಟ್ಟಿಲ್ಲ. ಮಕ್ಕಳು ಅಜ್ಜಿ ಸಾಯ್ತದೆ ಅಂತ ರಾತ್ರಿಯೆಲ್ಲ ಅಳ್ತವೆ. ಈಗ ಬಂದ್ಬುಟ್ಟು ಸ್ಟಿಕ್ಕರು ಅಂತೀಯಾ? ಸ್ಟಿಕ್ಕರಾ?"

ಕಡೆಯ ಮಾತಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರು. ನಾನು ಮುಂದೆ ಹೋಗಿ, ನನ್ನ ಪ್ರಸಂಗದ ದನಿಯಲ್ಲಿ, "ನೋಡಿ ಆಚಾರ್ರೇ, ಮನುಷ್ಯರು ಅಂದ ಮೇಲೆ..." ಅಂತ ಶುರು ಮಾಡಿದೆ.

"ನೀನ್ಯಾವನಯ್ಯಾ?"

"ಅಣ್ಣಾ, ನೀನು ಸುಮ್ಕಿರು" ಅಂದಳು ಲಿಲ್ಲಿ. ಆಮೇಲೆ ಅವನ ಕಡೆ ತಿರುಗಿ, "ನೀವು ಬಯ್ಯಿ. ಬಯ್ಯೋ ಹಕ್ಕು ನಿಮಗದೆ" ಅಂದಳು.

ಬಯ್ದ. ಚೆನ್ನಾಗಿ ಬಯ್ದ. ನನ್ನ ತಂಗಿಗೆ ನಮ್ಮಪ್ಪ ಕೂಡ ಹಾಗೆ ಬಯ್ದವರಲ್ಲ. ಅವಳು ತಲೆ ಬಗ್ಗಿಸಲಿಲ್ಲ, ಎದುರು ಮಾತೂ ಆಡಲಿಲ್ಲ. ನಿಂತು ಕೇಳಿದಳು. ಬೈಗುಳ ಮುಗಿದ ಮೇಲೆ ಅವನು, "ಬರ್ಕೊಡು! ತಪ್ಪು ನಂದೇ ಅಂತ ಕೈಯಾರೆ ಬರ್ಕೊಟ್ಟು ಹೋಗು. ನಾಳೆ ಲ್ಯಾಬ್ನೋರನ್ನ ನಾನು ಕೇಳ್ಕತೀನಿ" ಅಂದ.

ಲಿಲ್ಲಿ ನನ್ನ ಕಡೆ ನೋಡಿದಳು. "ಅಣ್ಣಾ, ಪೇಪರ್ ಅದಾ?"

ನಾನು ಅವಳ ಕಾಲು ತುಳಿದೆ. ಮೆಲ್ಲಗಲ್ಲ. ಬರೆದುಕೊಟ್ಟರೆ ಮುಗಿಯಿತು ಅಂತ ಯಾರಿಗೆ ಗೊತ್ತಾಗುವುದಿಲ್ಲ? ಅವಳು ಕಾಲು ಪಕ್ಕಕ್ಕಿಟ್ಟು, ನನ್ನ ಅಂಗಿಯ ಜೇಬಿಗೇ ಕೈ ಹಾಕಿದಳು. ಅಲ್ಲಿದ್ದದ್ದು ಅವತ್ತಿನ ಪ್ರಸಂಗ. ನಾಲ್ಕನೇ ಹಾಳೆಯ ಹಿಂಭಾಗ ಖಾಲಿ ಇತ್ತು. ಚೌಕಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ಬರೆದಳು, ಸಹಿ ಹಾಕಿದಳು, ಕೆಳಗೆ ಫೋನ್ ನಂಬರನ್ನೂ ಬರೆದಳು. (ನಾನು ಬರೆದ ಪ್ರಸಂಗವೊಂದು ಇಷ್ಟು ಕೆಲಸಕ್ಕೆ ಬಂದದ್ದು ಅದೇ ಮೊದಲು.)

ಅಷ್ಟರಲ್ಲಿ ಒಳಗಿಂದ ಜಯಮ್ಮ ಬಂದರು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಲಿಲ್ಲಿಯ ಹತ್ತಿರ ಬಂದು, ಮೆಲ್ಲಗೆ ಕೇಳಿದರು:

"ಅಂಗಾರೆ ನಾನು ಸಾಯಕಿಲ್ವಾ?"

"ಇದ್ರಿಂದ ಇಲ್ಲ ಕಣಮ್ಮ."

"ದಿಟವಾಗ್ಲೂ?"

"ದಿಟವಾಗ್ಲೂ. ಎರಡು ಸಲ ನೋಡಿವ್ನಿ."

ಜಯಮ್ಮ ಅಲ್ಲೇ ಜಗುಲಿಯ ಮೇಲೆ ಕೂತರು. ನಕ್ಕರು, ಅತ್ತರು. ಆಮೇಲೆ ಏನೋ ಹೊಳೆದವರಂತೆ ಹಣೆ ಹಣೆ ಬಡಿದುಕೊಂಡರು.

"ಅಯ್ಯೋ ನನ್ನವ್ವಾ! ನಮ್ಮಕ್ಕನ ಕುಟೆ ರಾಜಿ ಆಗ್ಬುಟ್ನಲ್ಲ! ಅದಿನಾಕು ವರ್ಷದಿಂದ ಮಾತು ಬುಟ್ಟಿದ್ದೆ. ಎಂಗೂ ಸಾಯೋಳು, ಇನ್ಯಾಕೆ ಜಿದ್ದು ಅಂತ ಫೋನ್ ಮಾಡಿ, ಅತ್ತೂ ಕರೆದು, ಮನೆಗೇ ಕರಿಸ್ಕಂಡ್ಬುಟ್ಟೆ. ಒಳಗೆ ಕುಂತವ್ಳೆ!"

"ಕೇಳಿಸ್ತು ಕಣೇ!" ಅಂತು ಒಳಗಿನ ದನಿ.

ಮೊದಲು ನಕ್ಕವನು ಮಂಜಾಚಾರಿ. ಬಯ್ಯುವುದಕ್ಕೆ ಬಿಟ್ಟಿದ್ದ ಬಾಯಿ ಹಾಗೇ ನಗುವಾಯಿತು. ಆಮೇಲೆ ಬೀದಿಯೇ ನಕ್ಕಿತು. ಆದರೆ ಬರೆಸಿಕೊಂಡ ಹಾಳೆಯನ್ನು ಅವನು ಮಡಿಸಿ ಜೇಬಿಗೆ ಹಾಕಿಕೊಂಡದ್ದನ್ನೂ ನಾನು ನೋಡಿದೆ.

ಜಯಮ್ಮನ ಅಕ್ಕ ಕಾಫಿ ತಂದರು. ಲೋಟ ಕೊಡುತ್ತಾ ಲಿಲ್ಲಿಯನ್ನು ಕೇಳಿದರು, "ಯಾವ ಜನ ಕಣವ್ವ ನೀವು?"

"ಕ್ರಿಶ್ಚಿಯನ್ನರು."

"ಓ. ನಮ್ಮೂರಲ್ಲಿ ನಿಮ್ಮೋರು ಯಾರೂ ಇಲ್ಲ. ನಿಮ್ಮೋರೆಲ್ಲ ಇಂಗೇನಾ? ತಪ್ಪು ಮಾಡುದ್ರೆ ಮನೆಗಂಟ ಬಂದು ಏಳ್ತೀರಾ?"

ಲಿಲ್ಲಿ ಕಾಫಿ ಊದತೊಡಗಿದಳು. ಹೌದು ಅನ್ನಲು ನನಗೆ ಬಾಯಿ ಬರಲಿಲ್ಲ. ಇಲ್ಲ ಅನ್ನೋಣವೆಂದರೆ ಲಿಲ್ಲಿ ಪಕ್ಕದಲ್ಲೇ ನಿಂತಿದ್ದಳು.

ಆ ಪ್ರಶ್ನೆ ನಾಗಮಂಗಲದವರೆಗೂ ನನ್ನ ಜೊತೆ ಬಂತು. ಯೋಚನೆ ಮಾಡಿ. ಆ ಬೀದಿಯವರು ಚರ್ಚಿನ ಒಳಗೆ ಕಾಲಿಟ್ಟವರಲ್ಲ. ನಾವೇನು ಹಾಡುತ್ತೇವೆ, ಏನು ಓದುತ್ತೇವೆ, ಹೇಗೆ ಮೊಣಕಾಲೂರುತ್ತೇವೆ ಅವರಿಗೆ ತಿಳಿಯದು. ಅವರ ಪಾಲಿಗೆ ಕ್ರೈಸ್ತರು ಅಂದರೆ ಇನ್ನು ಮೇಲೆ ಯಾರು? ತಲೆ ಬಾಚದ, ಬಯ್ಸಿಕೊಂಡು ನಿಂತ, ಕಾಫಿ ಊದಿ ಕುಡಿದ ಒಬ್ಬ ಹೆಂಗಸು. ಅಷ್ಟೇ. ನಮ್ಮ ಇಡೀ ಮತದ ಮಾನ ಆ ಬೆಳಗ್ಗೆ ಕಡೇ ಬೆಂಚಿನವಳ ಕೈಯಲ್ಲಿತ್ತು. ಅವಳು ಅದನ್ನು ಕಾಪಾಡಿದಳು. ತಾನು ಕಾಪಾಡುತ್ತಿದ್ದೇನೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಅವಳ ತಲೆಯಲ್ಲಿದ್ದದ್ದು ಇನ್ನೊಬ್ಬ ಜಯಮ್ಮ.

"ಅಣ್ಣಾ, ಸ್ವಲ್ಪ ಜೋರಾಗಿ ಓಡ್ಸು" ಅಂದಳು. "ಈಗ ಹೋಗೋದೇ ಕಷ್ಟದ ಮನೆ."

ಹೌದಲ್ಲವೇ? ಮೊದಲ ಮನೆಗೆ ಜೀವ ತಂದುಕೊಟ್ಟಿದ್ದೆವು. ಬೈಗುಳ ತಿಂದರೂ ಕಡೆಗೆ ಕಾಫಿ ಸಿಕ್ಕಿತು. ಎರಡನೇ ಮನೆಯಲ್ಲಿ ನೆಮ್ಮದಿಯಾಗಿ ಇರುವವರ ನೆಮ್ಮದಿ ಕಿತ್ತುಕೊಳ್ಳಬೇಕು.

ಮಧ್ಯಾಹ್ನ ಎರಡು ಗಂಟೆಗೆ ಆ ಮನೆ ಸಿಕ್ಕಿತು. ಜಯಮ್ಮ ಹೊರಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗಂಡ ನಿಂಗೇಗೌಡರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ಲ್ಯಾಬಿನಿಂದ ಬಂದಿದ್ದೇವೆ ಅಂದದ್ದೇ ತಡ, ಜಯಮ್ಮನ ಮುಖ ಅರಳಿತು.

"ನೋಡಿ, ಇವರೇ ಕಣೀ ನನ್ ರಕ್ತ ತಗುದಿದ್ದು. ನೋವೇ ಆಗ್ನಿಲ್ಲ! ಬನ್ನಿ ಬನ್ನಿ. ಎಲ್ಲಾ ಚೆನ್ನಾಗದೆ ಅಂದ್ಬುಟ್ರು ಡಾಕ್ಟ್ರು. ಬಂದೋಳೇ ಉಪ್ಪಿನಕಾಯಿ ಜಾಡಿ ತಗುದೆ ನೋಡಿ. ಕಾಲೂತ ಅಂತ ಉಪ್ಪು ಬುಟ್ಟು ಎಷ್ಟು ದಿನ ಆಗಿತ್ತು!"

ನಿಂಗೇಗೌಡರು ಎಳನೀರು ಕೆತ್ತಿ ಕೊಟ್ಟರು. ನಾನು ಕುಡಿದೆ. ಲಿಲ್ಲಿ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಆಮೇಲೆ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಜಯಮ್ಮನ ಪಕ್ಕ ನೆಲದ ಮೇಲೆ ಕೂತು ಹೇಳಿದಳು. ಅದೇ ಮಾತು. ಅಂಟಿಸ್ಬುಟ್ಟೆ. ತಪ್ಪು ನಂದು. ನಿಮ್ಮ ರಿಪೋರ್ಟು ಚೆನ್ನಾಗಿಲ್ಲ ಕಣಮ್ಮ.

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. ಜಯಮ್ಮನ ಬೆರಳು ಅವರೆಕಾಯಿಯ ಮೇಲೆ ಹಾಗೇ ನಿಂತವು. ನಿಂಗೇಗೌಡರು ಮಚ್ಚು ಹಿಡಿದ ಕೈಯನ್ನು ಕೆಳಗೆ ಬಿಟ್ಟು, "ಅಂಗಾರೆ ಡಾಕ್ಟ್ರು ಚೆನ್ನಾಗದೆ ಅಂದಿದ್ದು ಸುಳ್ಳಾ?" ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ.

"ಡಾಕ್ಟ್ರು ಸುಳ್ಳೇಳಿಲ್ಲ ಗೌಡ್ರೇ. ನಾನು ಕೊಟ್ಟ ಕಾಗದ ನೋಡಿ ಏಳುದ್ರು."

ಜಯಮ್ಮ ಅವರೆಕಾಯಿ ಪಕ್ಕಕ್ಕೆ ಸರಿಸಿದರು.

"ನಂಗೆ ಅನ್ನಿಸ್ತಿತ್ತು ಕಣ್ ತಾಯಿ. ಕಾಲೂತ ಇಳೀನೇ ಇಲ್ಲ. ಉಸಿರೂ ಕಟ್ತಿತ್ತು. ಆದ್ರೆ ಕಾಗದದಲ್ಲಿ ಚೆನ್ನಾಗದೆ ಅಂತ ಬರ್ದವ್ರಲ್ಲ. ಓದ್ದೋರು ಬರೆದಿದ್ದು ಸುಳ್ಳಾದಾತಾ? ನನ್ ಮೈಯೇ ಸುಳ್ಳು ಏಳ್ತದೆ ಅಂದ್ಕಂಡೆ. ಇವರಿಗೂ ಏಳ್ನಿಲ್ಲ."

ಲಿಲ್ಲಿ ಅವರ ಸೀರೆ ನಿರಿಗೆ ಸ್ವಲ್ಪ ಸರಿಸಿ, ಪಾದದ ಮೇಲೆ ಹೆಬ್ಬೆರಳು ಒತ್ತಿದಳು. ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಆ ಗುಳಿಯನ್ನೇ ನೋಡುತ್ತಾ ಅವಳ ಕಣ್ಣು ತುಂಬಿತು. ಕಿಕ್ಕೇರಿಯಲ್ಲಿ ಅಷ್ಟು ಬೈಗುಳಕ್ಕೂ ಬಾರದ ನೀರು.

"ನಿಮ್ ಮೈ ಸುಳ್ಳೇಳಿಲ್ಲ ಕಣಮ್ಮ. ಕಾಗದದ ಕೈಲಿ ನಾನೇ ಸುಳ್ಳು ಏಳ್ಸ್‌ದೆ."

ಜಯಮ್ಮ ಮಾಡಿದ್ದೇನು ಗೊತ್ತೇ? ಅವರೆಕಾಯಿ ಸಿಪ್ಪೆ ಅಂಟಿದ ಕೈಯಲ್ಲೇ ಅವಳ ಬೆನ್ನು ಸವರಿದರು. ಕಾಯಿಲೆ ಅವರಿಗೆ, ಸಮಾಧಾನ ಇವಳಿಗೆ!

"ನಾಳೆ ಬೆಳಗ್ಗೆ ಮೈಸೂರಿಗೆ ಹೋಗಾಣ. ನಾನೂ ಬತ್ತೀನಿ. ಅಲ್ಲಿ ಎಲ್ಲಿ ಚೀಟಿ ಮಾಡ್ಸ್‌ಬೇಕು, ಯಾರನ್ನ ನೋಡ್ಬೇಕು ನಂಗೊತ್ತು" ಅಂದಳು ಲಿಲ್ಲಿ.

"ನಿಂಗೆ ಕೆಲ್ಸ ಇಲ್ವಾ ನಾಳೆ?" ಅಂದೆ, ಕಾರಿನಲ್ಲಿ.

"ಇದೇ ಕೆಲ್ಸ" ಅಂದಳು.

ಸೋಮವಾರ ಅವಳು ನಿಂಗೇಗೌಡರು ಮತ್ತು ಜಯಮ್ಮನ ಜೊತೆ ಮೈಸೂರಿನ ಆಸ್ಪತ್ರೆಯ ಕ್ಯೂನಲ್ಲಿ ನಿಂತಿದ್ದಳು. ಅದೇ ಹೊತ್ತಿಗೆ ಕೆ.ಆರ್.ಪೇಟೆಯಲ್ಲಿ ಮಂಜಾಚಾರಿ, ನನ್ನ ಪ್ರಸಂಗದ ನಾಲ್ಕನೇ ಹಾಳೆ ಹಿಡಿದು ಲ್ಯಾಬಿಗೆ ನುಗ್ಗಿದ್ದ. ನಾಲ್ಕು ಜನರ ಮುಂದೆ ಗಲಾಟೆಯಾಯಿತು. ಯಜಮಾನರು ಹೆದರಿದ್ದೇ ಆಯಿತು. ಅವರು ಲಿಲ್ಲಿಗೆ ಫೋನು ಮಾಡಿ, ಇನ್ನು ಬರುವುದು ಬೇಡ ಅಂದರು.

ನಾನು ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಅವಳ ಫೋನು ಬಂತು. "ಅಣ್ಣಾ, ಜಯಮ್ಮೋರ್ನ ಅಡ್ಮಿಟ್ ಮಾಡ್ಕಂಡ್ರು. ತಡ ಮಾಡ್ದೆ ಬಂದಿದ್ದು ಒಳ್ಳೇದಾಯ್ತು ಅಂದ್ರು ಡಾಕ್ಟ್ರು. ಸದ್ಯಕ್ಕೆ ಡಯಾಲಿಸಿಸ್ ಬೇಡ್ವಂತೆ, ಮಾತ್ರೆ, ಪಥ್ಯದಲ್ಲೇ ನೋಡಾಣ ಅಂದವ್ರೆ." ಕಡೆಗೆ, "ಆಮೇಲೆ, ನನ್ನ ಕೆಲ್ಸ ಹೋಯ್ತು."

ಯಾವುದನ್ನು ಮೊದಲು ಹೇಳಿದಳು ಗಮನಿಸಿದಿರಾ?

ಕರಿಹಲಗೆಯ ಕಡೆ ತಿರುಗಿ ನಿಂತೆ. ಮೇಷ್ಟ್ರ ಮುಖ ಮಕ್ಕಳು ನೋಡುವುದು ಬೇಡ ಅಂತ. ಅದು ದುಃಖವಷ್ಟೇ ಆಗಿರಲಿಲ್ಲ. ಎದೆ ಉಬ್ಬಿತ್ತು. ಇವಳು ನನ್ನ ತಂಗಿ ಅಂತ ಆ ಐವತ್ತು ಮಕ್ಕಳಿಗೂ ಕೂಗಿ ಹೇಳಬೇಕು ಅನ್ನಿಸಿತ್ತು.

ಕೆಲಸ ಹೋದದ್ದು ಮಂಜಾಚಾರಿಗೆ ಹೇಗೋ ಗೊತ್ತಾಯಿತು. ಅದೇ ಹಾಳೆಯಲ್ಲಿದ್ದ ನಂಬರಿಗೆ ಫೋನು ಮಾಡಿ, "ನಾನು ಜಗಳ ಆಡಿದ್ದು ಲ್ಯಾಬ್ನೋರ ಮೇಲೆ ಕಣಕ್ಕಾ, ನಿನ್ ಮೇಲಲ್ಲ" ಅಂದನಂತೆ. ಮರುದಿನ ತಾನೇ ಯಜಮಾನರ ಹತ್ತಿರ ಹೋಗಿ, "ಆ ಯಮ್ಮನ್ನ ವಾಪಸ್ ತಗಳಿ" ಅಂತ ಕೇಳಿಕೊಂಡನಂತೆ. ಅವರು ಒಪ್ಪಲಿಲ್ಲ. ಬಯ್ದಾಗ ಅಮ್ಮ, ಈಗ ಅಕ್ಕ. ಅಷ್ಟು ಲಾಭ.

ಒಂದು ತಿಂಗಳು ಲಿಲ್ಲಿ ಮನೆಯಲ್ಲಿದ್ದಳು. ಸುಮ್ಮನೆ ಹೇಳುವುದಿಲ್ಲ, ಅವಳಿಗೆ ಕಷ್ಟವಾಯಿತು. ಹನ್ನೊಂದು ವರ್ಷ ದುಡಿದ ಕೈ. ಚರ್ಚಿನಲ್ಲಿ ಕೆಲವರು "ಅಷ್ಟೆಲ್ಲ ಹೋಗಿ ಹೇಳೋ ಅಗತ್ಯ ಇತ್ತಾ?" ಅಂತ ಕೇಳಿದರು. (ಪ್ರಸಂಗವನ್ನು ಕಣ್ಣು ಬಿಟ್ಟು ಕೇಳುವವರೇ ಕೇಳಿದರು!) ಒಂದು ದಿನ ನಾನೇ ಕೇಳಿದೆ, "ನಿಂಗೆ ಭಯ ಆಗ್ಲಿಲ್ವಾ?" ಅಂತ.

"ಆಯ್ತು. ಆದ್ರೆ ಆ ಸ್ಟಿಕ್ಕರಿನ ಮೂಲೆ ಕಂಡ್ಬುಟ್ಟಿತ್ತಲ್ಲಣ್ಣಾ. ಕಂಡ ಮೇಲೆ ಕಾಣದೋಳ ಥರ ಇರಕ್ಕೆ ನಂಗೆ ಬರಕಿಲ್ಲ" ಅಂದಳು. ಅವಳ ಬಾಯಿಂದ ಬಂದ ಪ್ರಸಂಗ ಅಷ್ಟೇ.

ಈಚೆಗೆ ಅವಳಿಗೆ ಬೆಳ್ಳೂರಿನ ಕಡೆಯಿಂದ ಒಂದು ಫೋನು ಬಂತು. ಅಲ್ಲಿನ ಸಣ್ಣ ಕ್ಲಿನಿಕ್ಕೊಂದರ ಡಾಕ್ಟರು. ಜಯಮ್ಮನ ಮಾತ್ರೆಗೆ ಅಂತ ಹೋದ ನಿಂಗೇಗೌಡರು ಅವರ ಮುಂದೆ ಎಲ್ಲ ಹೇಳಿದ್ದಾರೆ. (ಗೌಡರು ಹೋದಲ್ಲೆಲ್ಲ ಇದೇ ಕಥೆ ಹೇಳುತ್ತಾರಂತೆ, ಹಾಲಿನ ಡೇರಿಯಲ್ಲೂ.) ಲಿಲ್ಲಿ ಹೋದಳು. ನಾನೂ ಹೋಗಿದ್ದೆ, ಡ್ರೈವರಾಗಿ.

"ನಿಮ್ಮಿಂದ ತಪ್ಪಾಗಿದೆಯಂತೆ?" ಅಂದರು ಡಾಕ್ಟರು.

"ಮಾಡಿವ್ನಿ ಸಾರ್."

"ಹನ್ನೊಂದು ವರ್ಷದಲ್ಲಿ ಎಷ್ಟು?"

"ನಂಗೆ ಗೊತ್ತಾಗಿದ್ದು ಒಂದು ಸಾರ್."

ಡಾಕ್ಟರು ನಕ್ಕರು. "ಒಂದೂ ಮಾಡಿಲ್ಲ ಅನ್ನೋರು ಇಬ್ರು ಬಂದಿದ್ರು. ಅವರನ್ನ ವಾಪಸ್ ಕಳಿಸ್ದೆ. ನೀವು ಗುರುವಾರದಿಂದ ಬನ್ನಿ" ಅಂದರು.

ಈಗ ಪಾಂಡವಪುರದಿಂದ ನಾಗಮಂಗಲಕ್ಕೊಂದು ಬಸ್ಸು, ಅಲ್ಲಿಂದ ಬೆಳ್ಳೂರಿಗೆ ಇನ್ನೊಂದು. ಮೊದಲಿಗಿಂತ ಒಂದು ಗಂಟೆ ಮುಂಚೆ ಏಳುತ್ತಾಳೆ. ರಕ್ತ ತೆಗೆಯುವ ಮೊದಲು ಹೆಸರು ಕೇಳುತ್ತಾಳೆ, ಊರು ಕೇಳುತ್ತಾಳೆ, ಸ್ಟಿಕ್ಕರು ಅಂಟಿಸಿದ ಮೇಲೆ ಅವರಿಗೇ ತೋರಿಸಿ ಗಟ್ಟಿಯಾಗಿ ಓದುತ್ತಾಳೆ. ಕೆಲವರು ನಗುತ್ತಾರೆ. ಭಾನುವಾರ ಕಡೇ ಬೆಂಚಿನಲ್ಲಿ ಮೊದಲಿಗಿಂತ ಬೇಗ ನಿದ್ದೆ ಹೋಗುತ್ತಾಳೆ. ಮೊನ್ನೆ ಪಕ್ಕದಲ್ಲಿದ್ದ ಹೆಂಗಸು ಎಬ್ಬಿಸಲು ಹೋದಾಗ ನಾನು ಮುಂದಿನ ಬೆಂಚಿನಿಂದಲೇ ಕೈ ಸನ್ನೆ ಮಾಡಿದೆ, ಮಲಗಲಿ ಬಿಡಿ ಅಂತ.

ಈ ಬರಹವನ್ನು ಅವಳಿಗೆ ತೋರಿಸಿದೆ. "ನನ್ನದನ್ನೆಲ್ಲ ಯಾಕೆ ಬರೀತೀಯ? ಬೇರೆ ಏನಾದ್ರೂ ಕೇಳು ಓದೋರ್ನ" ಅಂದಳು. ಸರಿ, ಕೇಳುತ್ತೇನೆ: ನೀವು ಕಡೆಯ ಸಲ, ತಪ್ಪು ಒಪ್ಪಿಕೊಳ್ಳುವುದಕ್ಕೆಂದೇ ಮನೆಯಿಂದ ಹೊರಟದ್ದು ಯಾವಾಗ?